ಮುಂಗಡ ಕೇಳುವ ಕಲಾವಿದರ ಪರವಾಗಿ

ಕಥಾಸಂಕಲನಕ್ಕೆ ಮುಖಪುಟ, ನಿವೃತ್ತರಾಗುತ್ತಿರುವ ಮೇಷ್ಟರಿಗೆ ಉಡುಗೊರೆ ಕೊಡಲು ಭಾವಚಿತ್ರ, ಮಗಳ ಮದುವೆಯ ಕರೆಯೋಲೆಗೆ ರೇಖಾಚಿತ್ರ, ಹೊಸದಾಗಿ ತೆರೆಯುವ ಹೋಟೆಲಿನ ಗೋಡೆಗೆ ಯಕ್ಷಗಾನದ ವೇಷ. ಏನೇ ಇರಲಿ, ಸ್ವತಂತ್ರವಾಗಿ ಕೆಲಸ ಮಾಡುವ ಕಲಾವಿದರಿಂದ ಚಿತ್ರ ಬರೆಸಿಕೊಳ್ಳುವಾಗ ನಮ್ಮಲ್ಲಿ ಒಂದು ಕ್ರಮ ಬೇರೂರಿಬಿಟ್ಟಿದೆ. ಮೊದಲು ಕೆಲಸ ಹೇಳುವುದು. ದುಡ್ಡಿನ ಮಾತು ಬಂದರೆ "ಅದೆಲ್ಲ ಆಮೇಲೆ ನೋಡೋಣ ಬಿಡಿ, ನೀವು ಮಾಡಿ" ಎನ್ನುವುದು. ಚಿತ್ರ ಕೈಗೆ ಬಂದ ಮೇಲೆ, ಇಷ್ಟವಾದರೆ, ತೋಚಿದಷ್ಟು ಕೊಡುವುದು. ಹೀಗೆ ನಡೆದುಕೊಳ್ಳುವವರು ಕೆಟ್ಟವರೇನಲ್ಲ. ಅವರ ಕಣ್ಣಿಗೆ ಇದೇ ಮರ್ಯಾದೆ. ಕಲೆಯ ವಿಷಯದಲ್ಲಿ ವ್ಯಾಪಾರದ ಮಾತು ಮೊದಲೇ ಎತ್ತಬಾರದು. ಕಲಾವಿದರು ಅಡ್ವಾನ್ಸ್ ಕೇಳಿದರೆ ನಮ್ಮ ಮೇಲೆ ನಂಬಿಕೆ ಇಲ್ಲ ಎಂದರ್ಥ. ನೋಡದ ವಸ್ತುವಿಗೆ ಹಣ ಕೊಡುವುದು ಜಾಣತನವಲ್ಲ. ಈ ಅಭಿಪ್ರಾಯಗಳು ಓದಿಕೊಂಡವರ, ಸಾಹಿತ್ಯ ಸಂಗೀತದ ರುಚಿ ಬಲ್ಲವರ ಮನೆಗಳಲ್ಲೇ ಹೆಚ್ಚು ಗಟ್ಟಿಯಾಗಿ ಕೂತಿವೆ.

ಈ ಮರ್ಯಾದೆ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಚಿತ್ರ ಬರೆಸಿಕೊಳ್ಳುವವರೇ ಮೊದಲ ಮಾತುಕತೆಯಲ್ಲಿ ಹಣದ ವಿಷಯ ಎತ್ತಬೇಕು. ಪೆನ್ಸಿಲ್ ಕಾಗದಕ್ಕೆ ತಾಗುವ ಮುನ್ನ ಒಂದು ಪಾಲು ಕಲಾವಿದರ ಕೈಸೇರಿರಬೇಕು. ಉಳಿದದ್ದನ್ನು ಅವರು ಬಾಯಿಬಿಟ್ಟು ಕೇಳುವ ಮೊದಲೇ ಕೊಡಬೇಕು. ಇದು ಔದಾರ್ಯದ ಮಾತಲ್ಲ. ಹೇಳಿ ಮಾಡಿಸಿದ ಚಿತ್ರ ಎಂಬ ವಸ್ತುವಿನ ಸ್ವಭಾವವೇ ಇದನ್ನು ಕೇಳುತ್ತದೆ.

ನೋಡಿ, ಮೆಚ್ಚಿ, ಆಮೇಲೆ ಹಣ ಕೊಡುವ ಪದ್ಧತಿ ತಪ್ಪೆಂದು ನಾನು ಹೇಳುತ್ತಿಲ್ಲ. ಅದಕ್ಕೊಂದು ಜಾಗವಿದೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಿಂದ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಸಿಕೊಂಡು ಬಂದಿದೆ. ಜನವರಿಯ ಆ ಭಾನುವಾರ ರಸ್ತೆಯ ಎರಡೂ ಬದಿಯಲ್ಲಿ ಚಿತ್ರಗಳು ಸಾಲಾಗಿ ನಿಂತಿರುತ್ತವೆ. ಜನ ನೋಡುತ್ತಾರೆ, ಬೆಲೆ ಕೇಳುತ್ತಾರೆ, ಒಂದಿಷ್ಟು ಚೌಕಾಸಿ ಮಾಡುತ್ತಾರೆ, ಕೊಳ್ಳುತ್ತಾರೆ ಅಥವಾ ಮುಂದಕ್ಕೆ ಹೋಗುತ್ತಾರೆ. ಇದರಲ್ಲಿ ಯಾರಿಗೂ ಅನ್ಯಾಯವಿಲ್ಲ. ಕಲಾವಿದರು ತಮಗೆ ಬೇಕೆನಿಸಿದ್ದನ್ನು ಬರೆದು ತಂದಿದ್ದಾರೆ. ನೀವು ಬಿಟ್ಟುಹೋದ ಹಂಪಿಯ ಜಲವರ್ಣವನ್ನು ಮಧ್ಯಾಹ್ನದ ಹೊತ್ತಿಗೆ ಇನ್ನೊಬ್ಬರು ಕೊಂಡೊಯ್ಯಬಹುದು. ಈ ಸಂತೆಯ ನಿಯಮವನ್ನೇ ನಾವು ಹೇಳಿ ಮಾಡಿಸುವ ಕೆಲಸಕ್ಕೂ ಎಳೆದು ತಂದಿದ್ದೇವೆ. ತಪ್ಪು ನಡೆದಿರುವುದು ಅಲ್ಲಿ. ನಿಮ್ಮ ತಾತನ ಭಾವಚಿತ್ರ ನಿಮಗೆ ಬೇಡವಾದರೆ ಜಗತ್ತಿನಲ್ಲಿ ಇನ್ನಾರಿಗೂ ಬೇಡ. ನಿಮ್ಮ ಕಾದಂಬರಿಯ ಹೆಸರು ಬರೆದ ಮುಖಪುಟ ಇನ್ನೊಂದು ಪುಸ್ತಕದ ಮೇಲೆ ಕೂರುವುದಿಲ್ಲ. ಒಬ್ಬರೇ ಒಬ್ಬ ಗಿರಾಕಿಗಾಗಿ ಹುಟ್ಟಿದ ವಸ್ತು ಅದು. ಆ ಒಬ್ಬರು ಬೇಡವೆಂದ ಕ್ಷಣ ಅದರ ಬೆಲೆ ಸೊನ್ನೆ. "ನೋಡಿ ಕೊಡುತ್ತೇನೆ" ಎಂದಾಗ ಇಡೀ ನಷ್ಟದ ಭಯವನ್ನು ಕಲಾವಿದರ ತಲೆಯ ಮೇಲೆ ಇಟ್ಟು, ಆಯ್ಕೆಯ ಸುಖವನ್ನೆಲ್ಲ ನಮ್ಮ ಬಳಿ ಇಟ್ಟುಕೊಂಡಿರುತ್ತೇವೆ.

ಒಂದು ಮುಖಪುಟದ ಹಿಂದೆ ಏನೇನಿದೆ ಎಂಬುದನ್ನು ಬರೆಸಿಕೊಳ್ಳುವವರಲ್ಲಿ ಬಹಳ ಮಂದಿ ಗಮನಿಸಿರುವುದಿಲ್ಲ. ಒಳ್ಳೆಯ ಕಲಾವಿದೆ ಮೊದಲು ಹಸ್ತಪ್ರತಿ ಓದುತ್ತಾಳೆ. ಇನ್ನೂರು ಪುಟದ ಕಾದಂಬರಿಗೆ ಎರಡು ಸಂಜೆಯಾದರೂ ಬೇಕು. ಆಮೇಲೆ ಎರಡೋ ಮೂರೋ ರಫ್ ಸ್ಕೆಚ್. ಲೇಖಕರಿಗೆ ಒಂದು ಇಷ್ಟವಾಗುತ್ತದೆ, ಪ್ರಕಾಶಕರಿಗೆ ಇನ್ನೊಂದು. ಎರಡನ್ನೂ ಸೇರಿಸಿ ಮತ್ತೊಂದು. ಹೆಸರನ್ನು ಕಂಪ್ಯೂಟರಿನ ಅಕ್ಷರದಲ್ಲಿ ಕೂರಿಸಿದರೆ ಚಿತ್ರಕ್ಕೆ ಹೊಂದುವುದಿಲ್ಲ. ಕನ್ನಡದ ಒತ್ತಕ್ಷರ, ದೀರ್ಘ, ಕೊಂಬುಗಳನ್ನು ನೋಡಿಕೊಂಡು ಕೈಯಲ್ಲೇ ಬರೆಯಬೇಕು. ಪರದೆಯ ಮೇಲೆ ಹೊಳೆಯುವ ಬಣ್ಣ ಅಚ್ಚಿನಲ್ಲಿ ಮಂಕಾಗುತ್ತದೆ, ಅದಕ್ಕಾಗಿ ಬಣ್ಣಗಳನ್ನು ಅಚ್ಚಿನ ನಾಲ್ಕು ಶಾಯಿಯ ಲೆಕ್ಕಕ್ಕೆ ತಿರುಗಿಸಿ ಮತ್ತೆ ಹದಮಾಡಬೇಕು. ಅಷ್ಟರಲ್ಲಿ ಮುನ್ನುಡಿ ಬಂದು ಹದಿನಾರು ಪುಟ ಹೆಚ್ಚಾಗುತ್ತದೆ, ಪುಸ್ತಕದ ಬೆನ್ನು ದಪ್ಪವಾಗುತ್ತದೆ, ಹಿಂಬದಿಯಿಂದ ಮುಂಬದಿಯವರೆಗೆ ಒಂದೇ ಹಾಳೆಯಾಗಿ ಹರಡಿಕೊಂಡಿದ್ದ ವಿನ್ಯಾಸವನ್ನು ಅಳತೆ ತೆಗೆದು ಪುನಃ ಕೂರಿಸಬೇಕು. ಬೆನ್ನುಡಿ ತಡವಾಗಿ ಬರುತ್ತದೆ. ಬಿಡುಗಡೆಯ ದಿನ ಮಾತ್ರ ಮೊದಲೇ ಗೊತ್ತಾಗಿದೆ, ಆಹ್ವಾನ ಪತ್ರಿಕೆ ಹಂಚಿಯಾಗಿದೆ. ಆ ಕೊನೆಯ ವಾರದ ಒತ್ತಡವನ್ನೆಲ್ಲ ಹೊರುವುದು ಹಣದ ಬಗ್ಗೆ ಯಾರೂ ಒಂದು ಮಾತೂ ಆಡದಿರುವ ಆ ಕಲಾವಿದೆಯೇ.

ಕೊನೆಗೆ ಬರುವ ಮಾತು ಯಾವುದೆಂದು ಈ ಕೆಲಸದಲ್ಲಿರುವ ಯಾರನ್ನು ಕೇಳಿದರೂ ಹೇಳುತ್ತಾರೆ: "ಒಂದು ಗಂಟೆ ಕೆಲಸಕ್ಕೆ ಇಷ್ಟಾ?" ನಾಲ್ಕು ಗೆರೆಯಲ್ಲಿ ಒಂದು ಮುಖ ಮೂಡಿಸುವ ಕೈಯನ್ನು ಪಳಗಿಸಲು ಹಿಡಿದ ವರ್ಷಗಳು ಆ ಗಂಟೆಯೊಳಗಿವೆ. ವಾರಪತ್ರಿಕೆಗಳಲ್ಲಿ ಪ.ಸ. ಕುಮಾರ್, ಚಂದ್ರನಾಥ ಆಚಾರ್ಯರ ಚಿತ್ರಗಳನ್ನು ನೋಡುತ್ತಾ ಕಥೆ ಓದಿದ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಾಗಿ ಬಂದಿರುವುದೇ ಬೇಸರದ ಸಂಗತಿ. ಕಥೆ ಮರೆತರೂ ಅದರ ಪಕ್ಕದ ಚಿತ್ರ ನೆನಪಿರುವ ಓದುಗರು ನಮ್ಮಲ್ಲಿ ಎಷ್ಟೋ ಮಂದಿ.

ಇನ್ನು ಪರಂಪರೆಯ ಮಾತು. ಹಣದ ಮಾತಿಗೆ ಕಡಿವಾಣ ಹಾಕಲು ನಾವು ಬಳಸುವ ದೊಡ್ಡ ಅಸ್ತ್ರವೇ ಇದು. ನಮ್ಮ ಪ್ರಾಚೀನ ಕಲಾವಿದರು ಹೆಸರನ್ನೂ ಬಯಸದೆ, ಹಣವನ್ನೂ ಬಯಸದೆ, ಕಲೆಯನ್ನು ತಪಸ್ಸೆಂದು ಮಾಡಿದರು ಎನ್ನುತ್ತೇವೆ. ಬೇಲೂರಿಗೆ ಹೋದವರು ಒಮ್ಮೆ ಶಿಲ್ಪಗಳ ಪೀಠದ ಕಡೆ ಬಗ್ಗಿ ನೋಡಬೇಕು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು, ಊರನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತದೆ. ಹೊಯ್ಸಳರ ಕಾಲದ ಶಿಲ್ಪಿ ಹೆಸರಿಲ್ಲದ ಸೇವಕನಾಗಿರಲಿಲ್ಲ, ತನ್ನ ಕೆಲಸ ತನ್ನದೆಂದು ಎದೆ ತಟ್ಟಿ ಹೇಳಿಕೊಂಡವನು. ರಾಜಾ ರವಿವರ್ಮ ಬರೋಡಾದ ಸಯಾಜಿರಾವ್ ಗಾಯಕವಾಡರಿಗಾಗಿ ಪುರಾಣದ 14 ಚಿತ್ರಗಳನ್ನು ಬರೆದದ್ದು 50,000 ರೂಪಾಯಿಗೆ. ಅದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದ ಮಾತು, ಆ ಮೊತ್ತದ ತೂಕ ಎಷ್ಟಿತ್ತೆಂದು ಊಹಿಸಿಕೊಳ್ಳಬಹುದು. ಅದರಿಂದ ಆ ಚಿತ್ರಗಳ ಭಕ್ತಿಭಾವ ಒಂದಿಷ್ಟೂ ಕಡಿಮೆಯಾಗಲಿಲ್ಲ.

ನಮ್ಮವರೇ ಆದ ಕೆ. ವೆಂಕಟಪ್ಪನವರ ಬದುಕು ಈ ವಿಷಯದಲ್ಲಿ ಇನ್ನೂ ಹೆಚ್ಚು ಹೇಳುತ್ತದೆ. ಕಲಾತಪಸ್ವಿ ಎಂಬ ಮಾತಿಗೆ ಕನ್ನಡಿಗರು ಮೊದಲು ತೋರಿಸುವುದು ಅವರನ್ನೇ. ಮೈಸೂರಿನಲ್ಲಿ 1886ರಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಬಳಿ ಕಲಿತು, ಮದುವೆಯಾಗದೆ, ಯಾರ ಹಂಗಿಗೂ ಬೀಳದೆ, 1965ರವರೆಗೆ ಬಾಳಿದವರು. ಊಟಿಯ ಮಂಜನ್ನು ಜಲವರ್ಣದಲ್ಲಿ ಹಿಡಿದವರು. ವೀಣೆಯನ್ನು ಸಾಧನೆ ಮಾಡಿದವರು. ಅದೇ ವೆಂಕಟಪ್ಪನವರು ಮೈಸೂರು ಅರಮನೆಗೆ ಮಾಡಿಕೊಟ್ಟ ಉಬ್ಬುಶಿಲ್ಪಗಳ ಹಣದ ಬಗ್ಗೆ, ನಾಲ್ವಡಿ ಕೃಷ್ಣರಾಜ ಒಡೆಯರು 1940ರಲ್ಲಿ ತೀರಿಕೊಂಡ ಮೇಲೆ, ಅರಮನೆಯೊಡನೆ ನ್ಯಾಯಾಲಯದವರೆಗೂ ಹೋದರು. ಇದನ್ನು ಅವರ ಸಿಡುಕು ಸ್ವಭಾವದ ಲೆಕ್ಕಕ್ಕೆ ಹಾಕಿ ಪಕ್ಕಕ್ಕೆ ಸರಿಸುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಕಲೆಯ ಬಗ್ಗೆ ಅಷ್ಟು ಕಟ್ಟುನಿಟ್ಟಾಗಿದ್ದ ಮನುಷ್ಯ ಕೆಲಸದ ಬೆಲೆಯ ಬಗ್ಗೆಯೂ ಅಷ್ಟೇ ಕಟ್ಟುನಿಟ್ಟಾಗಿದ್ದ. ಎರಡೂ ಒಂದೇ ಗುಣದ ಎರಡು ಮುಖಗಳು. ಇನ್ನೊಂದು ಪಾಠವೂ ಇದರಲ್ಲಿದೆ. ಮಾತು ಕೊಟ್ಟ ಮಹಾರಾಜರು ಎಷ್ಟೇ ದೊಡ್ಡ ಕಲಾಪೋಷಕರಾಗಿರಲಿ, ಅವರು ಹೋದ ಮೇಲೆ ಉಳಿಯುವುದು ಕಚೇರಿ ಮತ್ತು ಕಡತ. ಒಬ್ಬರ ಒಳ್ಳೆಯತನವನ್ನು ಮಾತ್ರ ನಂಬಿ ಕೆಲಸ ಮಾಡಿದವರಿಗೆ ಆ ಒಳ್ಳೆಯತನ ಇಲ್ಲವಾದ ದಿನ ಹಿಡಿದುಕೊಳ್ಳಲು ಏನೂ ಇರುವುದಿಲ್ಲ.

ಹಣ ಬೇಡವೆಂದ ದೊಡ್ಡವರೂ ಇದ್ದಾರಲ್ಲ ಎಂದು ಕೇಳಬಹುದು. ಇದ್ದಾರೆ. ಭಾರತದ ಸಂವಿಧಾನದ ಮೂಲ ಇಂಗ್ಲಿಷ್ ಪ್ರತಿಯನ್ನು ಕೈಬರಹದಲ್ಲಿ ಬರೆದ ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ ಎಂಬ ಸಂಗತಿ ಮತ್ತೆ ಮತ್ತೆ ಹೇಳಲ್ಪಡುತ್ತದೆ. ಆದರೆ ಅದರ ಜೊತೆಗೇ ಬರುವ ಇನ್ನರ್ಧವನ್ನು ನಾವು ಮರೆಯುತ್ತೇವೆ. ಪ್ರತಿ ಪುಟದಲ್ಲೂ ತನ್ನ ಹೆಸರಿರಬೇಕು, ಕೊನೆಯ ಪುಟದಲ್ಲಿ ತನ್ನ ತಾತನ ಹೆಸರೂ ಸೇರಬೇಕು ಎಂದು ಅವರು ಮೊದಲೇ ಕೇಳಿಕೊಂಡಿದ್ದರಂತೆ. ಅಂದರೆ ಅವರ ಶರತ್ತು ಕೆಲಸ ಶುರುವಾಗುವ ಮೊದಲೇ ಇಬ್ಬರಿಗೂ ತಿಳಿದಿತ್ತು. ಹಣ ಬಿಡುವುದೂ ಕಲಾವಿದರ ನಿರ್ಧಾರವೇ, ಅದನ್ನು ಅವರ ಪರವಾಗಿ ನಾವು ತೆಗೆದುಕೊಳ್ಳುವಂತಿಲ್ಲ.

ಮುಂಗಡ ಕೊಡುವುದು ಪೇಟೆಯವರ, ಕಾರ್ಪೊರೇಟ್ ಜನರ ಹೊಸ ಚಾಳಿ ಎಂದುಕೊಂಡವರೂ ಇದ್ದಾರೆ. ಮದುವೆಗೆ ವಾಲಗದವರನ್ನು ಗೊತ್ತುಮಾಡುವಾಗ ಎಲೆ ಅಡಿಕೆಯ ಮೇಲೆ ಹಣವಿಟ್ಟು ಕೊಡದೆ ಬರುವ ಹಿರಿಯರು ನಮ್ಮ ಊರುಗಳಲ್ಲಿ ಯಾರಿದ್ದರು? ಮೇಳದ ಆಟ ಆಡಿಸುವವರು ವೀಳ್ಯ ಕೊಟ್ಟ ಮೇಲೇ ಆಟ ಗಟ್ಟಿಯಾಯಿತು ಎನ್ನುತ್ತಾರೆ. ಜಮೀನಿನ ಮಾತುಕತೆ ಸಂಚಕಾರದಿಂದ ಶುರುವಾಗುತ್ತದೆ. ಇವೆಲ್ಲವೂ ಅಪನಂಬಿಕೆಯ ಗುರುತುಗಳೆಂದು ಯಾರೂ ಭಾವಿಸಿಲ್ಲ. ಆ ದಿನವನ್ನು ನಿಮಗಾಗಿ ಕಾಯ್ದಿಡುತ್ತೇವೆ, ಇನ್ನೊಬ್ಬರಿಗೆ ಒಪ್ಪಿಕೊಳ್ಳುವುದಿಲ್ಲ ಎಂಬ ಮಾತಿಗೆ ಅದು ಪ್ರತಿಯಾಗಿ ಕೊಡುವ ಗೌರವ. ಚಿತ್ರ ಬರೆಯುವವರೂ ಅದನ್ನೇ ಮಾಡುತ್ತಾರೆ. ನಿಮ್ಮ ಕೆಲಸ ಒಪ್ಪಿಕೊಂಡ ಹದಿನೈದು ದಿನ ಇನ್ನೊಂದು ಕೆಲಸ ಬಿಟ್ಟಿರುತ್ತಾರೆ. ಯಾವ ಕಾರಣಕ್ಕೋ ಈ ಹಳೆಯ, ಒಳ್ಳೆಯ ಪದ್ಧತಿ ಚಿತ್ರಕಾರರ ಮನೆಯ ಬಾಗಿಲವರೆಗೆ ಬಂದು ನಿಂತುಬಿಟ್ಟಿತು.

ಪರಿಚಯದವರ ನಡುವೆ ಈ ತೊಂದರೆ ಇನ್ನೂ ಬಿಗಿಯಾಗುತ್ತದೆ. ಕನ್ನಡದ ಸಾಂಸ್ಕೃತಿಕ ಲೋಕ ಚಿಕ್ಕದು. ಲೇಖಕ, ಪ್ರಕಾಶಕ, ಕಲಾವಿದ, ವಿಮರ್ಶಕ ಎಲ್ಲರೂ ಒಬ್ಬರಿಗೊಬ್ಬರು ಗೊತ್ತು, ಒಂದೇ ಗೋಷ್ಠಿಯಲ್ಲಿ ಕೂತು ಊಟ ಮಾಡಿದವರು. "ಅಣ್ಣಾ, ಒಂದು ಕವರ್ ಪೇಜ್ ಮಾಡ್ಕೊಡು" ಎಂಬ ಫೋನು ಬಂದಾಗ ಆ ಅಣ್ಣ ಎಷ್ಟು ಕೊಡುತ್ತೀ ಎಂದು ಕೇಳುವುದು ಹೇಗೆ? ಕೇಳಿದರೆ ದುರಾಸೆ, ಕೇಳದಿದ್ದರೆ ಪುಕ್ಕಟೆ. ಇದರ ಭಾರ ಹೆಚ್ಚು ಬೀಳುವುದು ಚಿಕ್ಕ ವಯಸ್ಸಿನವರ ಮೇಲೆ, ಅದರಲ್ಲೂ ಹುಡುಗಿಯರ ಮೇಲೆ. ಹಿರಿಯ ಸಾಹಿತಿಯೊಬ್ಬರು ತಾವಾಗಿ ಕರೆದು ಕೆಲಸ ಕೊಟ್ಟಾಗ, ಕಲಾಶಾಲೆ ಮುಗಿಸಿ ಎರಡು ವರ್ಷವಾದ ಹುಡುಗಿ "ಸರ್, ಅಡ್ವಾನ್ಸ್" ಎನ್ನುವ ಧೈರ್ಯ ಎಲ್ಲಿಂದ ತರಬೇಕು? ಈ ಸಂಕೋಚವನ್ನು ಮುರಿಯುವ ಶಕ್ತಿ ಇರುವುದು ಒಬ್ಬರಿಗೆ ಮಾತ್ರ, ಕೆಲಸ ಕೊಡುವವರಿಗೆ. ಅವರ ಬಾಯಿಂದ "ನನ್ನ ಹತ್ತಿರ ಇಷ್ಟಿದೆ, ಇದರಲ್ಲಿ ಏನು ಮಾಡಬಹುದು ಹೇಳಿ, ಅರ್ಧ ಇವತ್ತೇ ಕಳಿಸುತ್ತೇನೆ" ಎಂಬ ಮಾತು ಬಂದರೆ ಇಬ್ಬರಿಗೂ ಉಸಿರಾಟ ಸಲೀಸಾಗುತ್ತದೆ. ಊಟದಲ್ಲೂ ವ್ಯವಹಾರದಲ್ಲೂ ನಾಚಿಕೆ ಕೂಡದು ಎಂದು ಹಿರಿಯರು ಹೇಳುತ್ತಿದ್ದರು. ಊಟದ ಭಾಗವನ್ನು ನಾವು ಚೆನ್ನಾಗಿ ಪಾಲಿಸಿದ್ದೇವೆ.

"ಪ್ರಚಾರ ಸಿಗುತ್ತದೆ" ಎಂಬ ಮಾತಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಪುಸ್ತಕದ ಒಳಪುಟದಲ್ಲಿ, ಮುದ್ರಕರ ವಿಳಾಸದ ಕೆಳಗೆ, ಚಿಕ್ಕ ಅಕ್ಷರದಲ್ಲಿ ಹೆಸರು ಹಾಕುವುದು ಪ್ರಚಾರವಲ್ಲ, ಬಾಕಿ ಇರುವ ಕರ್ತವ್ಯ. ಎಷ್ಟೋ ಪುಸ್ತಕಗಳಲ್ಲಿ ಅದೂ ಇರುವುದಿಲ್ಲ.

ಸ್ಪರ್ಧೆಯ ಹೆಸರಿನಲ್ಲಿ ನಡೆಯುವುದೂ ಇದರ ಸೋದರನೇ. ಸಂಸ್ಥೆಯೊಂದು ಲಾಂಛನ ಬೇಕೆಂದು ಎಲ್ಲರಿಂದ ವಿನ್ಯಾಸ ಆಹ್ವಾನಿಸುತ್ತದೆ, ಒಬ್ಬರಿಗೆ ಬಹುಮಾನ, ಉಳಿದವರಿಗೆ ಧನ್ಯವಾದ. ನಮ್ಮ ರೂಪಾಯಿ ಚಿಹ್ನೆ ಹೀಗೆಯೇ ಬಂತು. 2010ರ ಜುಲೈ 15ರಂದು ಡಿ. ಉದಯ ಕುಮಾರ್ ಅವರ ವಿನ್ಯಾಸ ಆಯ್ಕೆಯಾಯಿತು, ಬಹುಮಾನ ಎರಡೂವರೆ ಲಕ್ಷ ರೂಪಾಯಿ. ಬಂದಿದ್ದ ವಿನ್ಯಾಸಗಳು ಮೂರು ಸಾವಿರಕ್ಕೂ ಹೆಚ್ಚು, ಕೊನೆಯ ಸುತ್ತಿಗೆ ಉಳಿದದ್ದು ಐದು. ಇಡೀ ದೇಶದ ಚಿಹ್ನೆಗೆ ಎಲ್ಲರೂ ಕೈಹಾಕಲಿ ಎಂಬುದನ್ನು ಒಪ್ಪಬಹುದು. ಬಡಾವಣೆಯ ಸಹಕಾರ ಸಂಘ, ಖಾಸಗಿ ಕಾಲೇಜು, ತಿಂಡಿ ಅಂಗಡಿಗಳೂ ಇದೇ ದಾರಿ ಹಿಡಿದರೆ ಅದು ನೂರು ಜನರಿಂದ ಪುಕ್ಕಟೆ ಕೆಲಸ ಮಾಡಿಸಿಕೊಳ್ಳುವ ಉಪಾಯವಾಗುತ್ತದೆ.

ಪ್ರಕಾಶಕರ ಕಷ್ಟವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಕನ್ನಡದಲ್ಲಿ ಸಾಮಾನ್ಯ ಪುಸ್ತಕವೊಂದು 500ರಿಂದ 1000 ಪ್ರತಿ ಅಚ್ಚಾದರೆ ದೊಡ್ಡದು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಯ ಹಣ ವರ್ಷಗಟ್ಟಲೆ ತಡವಾಗುತ್ತದೆ ಎಂಬುದು ಅವರ ಹಳೆಯ ದೂರು, ಅದರಲ್ಲಿ ಹುರುಳಿದೆ. ಮಾರಾಟಗಾರರಿಂದ ಬರಬೇಕಾದದ್ದೂ ನಿಂತಿರುತ್ತದೆ. ಹೀಗಿರುವಾಗ ಕಲಾವಿದರಿಗೆ ಮೊದಲೇ ಎಲ್ಲಿಂದ ಕೊಡಲಿ ಎನ್ನುತ್ತಾರೆ. ಆದರೆ ಲೆಕ್ಕದ ಪುಸ್ತಕ ತೆರೆದು ನೋಡೋಣ. ಕಾಗದಕ್ಕೆ ಹಣ ಹೋಗಿರುತ್ತದೆ. ಡಿಟಿಪಿಗೆ ಪುಟಕ್ಕಿಷ್ಟು ಎಂದು ಗೊತ್ತಾಗಿರುತ್ತದೆ. ಮುದ್ರಣಾಲಯದವರು ಅರ್ಧ ಹಣ ಬಾರದೆ ಯಂತ್ರಕ್ಕೆ ಪ್ಲೇಟು ಏರಿಸುವುದಿಲ್ಲ, ಉಳಿದರ್ಧ ಬಾರದೆ ಪುಸ್ತಕದ ಕಟ್ಟು ಬಿಡುವುದಿಲ್ಲ. ಬಿಡುಗಡೆ ಸಮಾರಂಭದ ಸಭಾಂಗಣಕ್ಕೆ, ಉಪಾಹಾರಕ್ಕೆ, ಹಾರ ಶಾಲುಗಳಿಗೆ ಹಣ ಹೇಗೋ ಹೊಂದುತ್ತದೆ. ಕೊನೆಗೆ ಕಾಯುವವರು ಕರಡು ತಿದ್ದಿದವರು ಮತ್ತು ಮುಖಪುಟ ಬರೆದವರು. ಹಣ ಇಲ್ಲದ್ದು ನಿಜ, ಇದ್ದ ಹಣ ಯಾರಿಗೆ ಮೊದಲು ಎಂಬ ಆಯ್ಕೆ ನಡೆದಿರುವುದೂ ಅಷ್ಟೇ ನಿಜ.

ಕೈಯಲ್ಲಿ ಕಡಿಮೆ ಇದ್ದರೆ ಕೆಲಸವನ್ನೇ ಚಿಕ್ಕದು ಮಾಡಿಕೊಳ್ಳಲು ದಾರಿಗಳಿವೆ. ಬರಿಯ ಅಕ್ಷರಗಳಿಂದಲೇ ಕಟ್ಟಿದ ಮುಖಪುಟ ಚೆಂದವಾಗಿರಬಲ್ಲದು. ಕಲಾವಿದರ ಬಳಿ ಈಗಾಗಲೇ ಇರುವ ಚಿತ್ರವೊಂದನ್ನು ಒಂದು ಮುದ್ರಣಕ್ಕೆ ಮಾತ್ರ ಬಳಸಲು ಕೇಳಬಹುದು, ಹೊಸದಾಗಿ ಬರೆಸುವುದಕ್ಕಿಂತ ಕಡಿಮೆಯಲ್ಲಿ ಆಗುತ್ತದೆ. ಒಂದು ಪಾಲನ್ನು ಪುಸ್ತಕದ ಪ್ರತಿಗಳಾಗಿ ಕೊಡಲು ಅವರು ಒಪ್ಪಬಹುದು. ಇವೆಲ್ಲ ಮೊದಲೇ ಆಡಿದ ಮಾತಾಗಿದ್ದರೆ ಯಾರಿಗೂ ಅವಮಾನವಿಲ್ಲ. ಐದು ಸಾವಿರ ಎಂದು ಮೊದಲೇ ಹೇಳಿ ಐದು ಸಾವಿರ ಕೊಟ್ಟವರು, ಏನೂ ಹೇಳದೆ ಕೊನೆಗೆ ಹತ್ತು ಸಾವಿರ ಕೊಟ್ಟವರಿಗಿಂತ ಉತ್ತಮರು ಎಂದೇ ನನ್ನ ನಂಬಿಕೆ. ಮೊದಲನೆಯವರು ಕಲಾವಿದರಿಗೆ ಒಪ್ಪುವ, ಬಿಡುವ ಹಕ್ಕನ್ನು ಕೊಟ್ಟರು.

"ಇಷ್ಟವಾಗದಿದ್ದರೆ?" ಎಂಬುದು ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹಂತಗಳಲ್ಲಿದೆ. ಕೆಲಸ ಕೊಡುವ ಮೊದಲು ಆ ಕಲಾವಿದರ ಹಿಂದಿನ ಚಿತ್ರಗಳನ್ನು ಕಣ್ತುಂಬ ನೋಡಿ. ಅವರ ಗೆರೆ ನಿಮಗೆ ಹಿಡಿಸದಿದ್ದರೆ ಅವರ ಬಳಿ ಹೋಗಬೇಡಿ, ಹೋಗಿ ಬೇರೊಬ್ಬರಂತೆ ಬರೆಯಿರಿ ಎನ್ನಬೇಡಿ. ಒಪ್ಪಿದ ಮೇಲೆ ಒಂದು ಪಾಲು ಮುಂಗಡ. ರಫ್ ಸ್ಕೆಚ್ ಬಂದಾಗ ಮನಸ್ಸು ಬಿಚ್ಚಿ ಮಾತಾಡಿ, ದೊಡ್ಡ ಬದಲಾವಣೆಗೆ ಸಮಯ ಅದೇ. ಆ ಹಂತದಲ್ಲಿ ಬೇಡವೆನಿಸಿದರೆ ಅಷ್ಟಕ್ಕೇ ನಿಲ್ಲಿಸಬಹುದು, ಕೊಟ್ಟ ಮುಂಗಡ ಆ ಸ್ಕೆಚ್ಚಿನ ಶ್ರಮಕ್ಕೆ ಸಲ್ಲುತ್ತದೆ, ಅದನ್ನು ವಾಪಸ್ ಕೇಳುವಂತಿಲ್ಲ. ಎಷ್ಟು ಬಾರಿ ಕರೆಕ್ಷನ್, ಅದಕ್ಕಿಂತ ಹೆಚ್ಚಾದರೆ ಎಷ್ಟು, ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕೊನೆಯ ಕಂತು ಬಂದ ಮೇಲೆ ಅಚ್ಚಿಗೆ ಹೋಗುವ ಪೂರ್ಣ ಫೈಲ್ ಕೊಡುವುದು ಕಲಾವಿದರ ಹಕ್ಕು. ಅದನ್ನು ಹಟ ಎನ್ನಬೇಡಿ. ಬಣ್ಣ ತುಂಬಿ ಮುಗಿಸಿದ ಚಿತ್ರವನ್ನು ನೋಡಿ "ನಮ್ಮ ಮನೆಯವರಿಗೆ ಇಷ್ಟ ಆಗಲಿಲ್ಲ" ಎಂದು ಹಣ ನಿಲ್ಲಿಸುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಈ ಹಂತದ ಪದ್ಧತಿ ಐನೂರು ವರ್ಷ ಹಳೆಯದು. ಇಟಲಿಯ ಫ್ಲಾರೆನ್ಸ್‌ನಲ್ಲಿ ಅನಾಥ ಮಕ್ಕಳನ್ನು ಸಾಕುವ ಆಶ್ರಮವೊಂದಕ್ಕಾಗಿ ಡೊಮೆನಿಕೊ ಗಿರ್ಲಾಂಡಾಯೊ ಎಂಬ ಚಿತ್ರಕಾರ 1485ರ ಅಕ್ಟೋಬರಿನಲ್ಲಿ ಮಾಡಿಕೊಂಡ ಕರಾರು ಇಂದಿಗೂ ಓದಲು ಸಿಗುತ್ತದೆ. ಶಿಶು ಯೇಸುವನ್ನು ಜ್ಞಾನಿಗಳು ಪೂಜಿಸುವ ಚಿತ್ರ. ಒಟ್ಟು 115 ಫ್ಲೋರಿನ್. ನವೆಂಬರ್ 1ರಿಂದ ತಿಂಗಳಿಗೆ 3 ಫ್ಲೋರಿನ್‌ನಂತೆ ಕೊಡತಕ್ಕದ್ದು. ಚಿತ್ರ 30 ತಿಂಗಳಲ್ಲಿ ಮುಗಿಯಬೇಕು, ತಪ್ಪಿದರೆ 15 ಫ್ಲೋರಿನ್ ದಂಡ. ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲೋರಿನ್ ಬೆಲೆಯದೇ ಆಗಿರಬೇಕು ಎಂಬುದೂ ಅದರಲ್ಲಿದೆ. ಆಶ್ರಮದ ಮುಖ್ಯಸ್ಥ ಚಿತ್ರ ಮುಗಿಯುವವರೆಗೆ ಕೈಕಟ್ಟಿ ಕಾಯಲಿಲ್ಲ, ಚಿತ್ರಕಾರನೂ ಕಾಲಮಿತಿಯಿಂದ ತಪ್ಪಿಸಿಕೊಳ್ಳಲಿಲ್ಲ. ಇಷ್ಟೆಲ್ಲ ಕರಾರಿನ ನಡುವೆಯೂ ಒಳ್ಳೆಯ ಚಿತ್ರವೇ ಬಂತು, ಅದು ಈಗಲೂ ಅದೇ ಕಟ್ಟಡದ ಸಂಗ್ರಹಾಲಯದಲ್ಲಿದೆ.

ಕಾನೂನಿನ ಬಗ್ಗೆ ಎರಡೂ ಕಡೆಯವರಲ್ಲಿ ತಪ್ಪು ಕಲ್ಪನೆಗಳಿವೆ. "ಏನೂ ಬರೆದುಕೊಂಡಿಲ್ಲವಲ್ಲ" ಎಂದು ಕೈಚೆಲ್ಲುವವರಿಗೆ 1872ರ ಕರಾರು ಕಾಯ್ದೆ ಆಸರೆ ಕೊಡುವುದಿಲ್ಲ. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ಅದರ 70ನೇ ಕಲಮಿನ ಪ್ರಕಾರ, ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಒಬ್ಬರು ನ್ಯಾಯವಾಗಿ ಮಾಡಿಕೊಟ್ಟ ಕೆಲಸದ ಪ್ರಯೋಜನ ಪಡೆದವರು ಅದಕ್ಕೆ ತಕ್ಕ ಪರಿಹಾರ ಕೊಡಲೇಬೇಕು. ಉದ್ಯಮ್ ನೋಂದಣಿ ಮಾಡಿಸಿಕೊಂಡ ಕಿರು ಉದ್ಯಮಿಗಳಿಗೆ 2006ರ ಕಾಯ್ದೆ ಇನ್ನೂ ಗಟ್ಟಿಯಾದ ರಕ್ಷಣೆ ಕೊಡುತ್ತದೆ. ಅವಧಿಯ ಮಾತೇ ಆಗಿರದಿದ್ದರೆ 15 ದಿನ, ಆಗಿದ್ದರೂ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ವಿನ್ಯಾಸ, ಚಿತ್ರರಚನೆಯನ್ನೇ ವೃತ್ತಿಯಾಗಿ ಮಾಡುವವರು ಈ ನೋಂದಣಿಯನ್ನು ಮಾಡಿಸಿಕೊಳ್ಳದೆ ಇರುವುದು ಸರಿಯಲ್ಲ. ಅದಕ್ಕೆ ಶುಲ್ಕವಿಲ್ಲ, ಆನ್‌ಲೈನಿನಲ್ಲೇ ಆಗುತ್ತದೆ.

ಹಕ್ಕುಸ್ವಾಮ್ಯದ ವಿಷಯ ಸೂಕ್ಷ್ಮ. ತಾವು ಬರೆದ ಚಿತ್ರದ ಹಕ್ಕು ಯಾವಾಗಲೂ ತಮ್ಮದೇ ಎಂದು ಬಹಳ ಕಲಾವಿದರು ನಂಬಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಬೇರೆ ಮಾತು ಹೇಳುತ್ತದೆ. ಹಣ ಪಡೆದು ಇನ್ನೊಬ್ಬರ ಕೋರಿಕೆಯ ಮೇಲೆ ಬರೆದ ವರ್ಣಚಿತ್ರ ಅಥವಾ ಭಾವಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಸಿದವರೇ ಮೊದಲ ಒಡೆಯರು. ಕಂಪ್ಯೂಟರಿನಲ್ಲಿ ಮೂಡಿಸಿದ ಮುಖಪುಟ ಈ ಮಾತಿನೊಳಗೆ ಬರುತ್ತದೆಯೇ ಎಂದು ಆಮೇಲೆ ವಕೀಲರ ಬಳಿ ವಾದಿಸುವುದಕ್ಕಿಂತ ಮೊದಲೇ ನಾಲ್ಕು ಸಾಲು ಬರೆದುಕೊಳ್ಳುವುದು ಮೇಲು. ಒಂದು ಮುದ್ರಣಕ್ಕೆ ಮಾತ್ರವೇ, ಎಲ್ಲ ಮುದ್ರಣಗಳಿಗೂ ಹೌದೇ, ಇ-ಪುಸ್ತಕಕ್ಕೂ ಕೇಳುಪುಸ್ತಕಕ್ಕೂ ಬಳಸಬಹುದೇ, ಪೋಸ್ಟರು ಟೀ ಶರ್ಟುಗಳ ಮೇಲೆ ಹಾಕಬಹುದೇ? ಹಕ್ಕನ್ನು ಬರೆದುಕೊಡುವಾಗ ಅವಧಿ ಹೇಳದಿದ್ದರೆ ಅದು ಐದು ವರ್ಷ ಎಂದೂ, ಪ್ರದೇಶ ಹೇಳದಿದ್ದರೆ ಭಾರತ ಎಂದೂ ಅದೇ ಕಾಯ್ದೆ ಎಣಿಸುತ್ತದೆ. ದುಡ್ಡು ಕೊಟ್ಟಿದ್ದೇನೆ, ಏನು ಬೇಕಾದರೂ ಮಾಡುತ್ತೇನೆ ಎನ್ನುವವರು ಅಮರನಾಥ ಸೆಹಗಲ್ ಪ್ರಕರಣವನ್ನು ತಿಳಿದಿರಬೇಕು. ದೆಹಲಿಯ ವಿಜ್ಞಾನ ಭವನಕ್ಕಾಗಿ ಸರ್ಕಾರವೇ ಅವರಿಂದ ಮಾಡಿಸಿದ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಉಗ್ರಾಣಕ್ಕೆ ಹಾಕಲಾಯಿತು. ದೆಹಲಿ ಹೈಕೋರ್ಟ್ 2005ರಲ್ಲಿ ಉಳಿದ ಭಾಗಗಳನ್ನು ಶಿಲ್ಪಿಗೆ ಹಿಂದಿರುಗಿಸಬೇಕು, ಐದು ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಎಂದು ತೀರ್ಪಿತ್ತಿತು. ಹಣ ಸಂದಾಯವಾದ ಮೇಲೂ ಕೃತಿಗೂ ಅದನ್ನು ಮಾಡಿದವರಿಗೂ ಇರುವ ನಂಟು ಕಡಿಯುವುದಿಲ್ಲ ಎಂಬುದನ್ನು ನ್ಯಾಯಾಲಯವೇ ಎತ್ತಿಹಿಡಿಯಿತು.

ಕಲಾವಿದರ ಕಡೆಯ ತಪ್ಪುಗಳನ್ನು ಮುಚ್ಚಿಡುವುದಿಲ್ಲ. ಮುಂಗಡ ತೆಗೆದುಕೊಂಡು ಫೋನು ಎತ್ತದವರಿದ್ದಾರೆ. ಬಿಡುಗಡೆಯ ಹಿಂದಿನ ದಿನ "ಮೂಡ್ ಬರಲಿಲ್ಲ" ಎಂದವರಿದ್ದಾರೆ. ಬೇರೆಯವರ ಚಿತ್ರವನ್ನು ನಕಲು ಮಾಡಿ ಕೊಟ್ಟು ಪ್ರಕಾಶಕರನ್ನು ಸಿಕ್ಕಿಸಿದವರಿದ್ದಾರೆ. ಯಂತ್ರದಿಂದ ತೆಗೆಸಿದ ಚಿತ್ರವನ್ನು ತಮ್ಮ ಕೈಚಿತ್ರವೆಂದು ಕೊಡುವುದು ಈಗ ಹೊಸದಾಗಿ ಸೇರಿದೆ. ಮುಂಗಡ ಪಡೆದವರು ದಿನಾಂಕಕ್ಕೆ ಬದ್ಧರು, ಕೆಲಸ ಬಿಡುವುದಾದರೆ ಹಣ ಮರಳಿಸಲು ಬದ್ಧರು. ಕೆಲವರು ಹೀಗೆ ಮಾಡುತ್ತಾರೆಂಬ ಕಾರಣಕ್ಕೆ ಎಲ್ಲರಿಗೂ ಕೊನೆಯಲ್ಲೇ ಹಣ ಎನ್ನುವುದು ಮಾತ್ರ ಸಲ್ಲದು. ಹಣ ಕೊಡದೆ ಮರೆಯಾದ ಗಿರಾಕಿಗಳೂ ಇದ್ದಾರೆ, ಅವರ ಕಾರಣಕ್ಕೆ ಕಲಾವಿದರು ಎಲ್ಲರಿಂದಲೂ ಪೂರ್ತಿ ಹಣ ಮೊದಲೇ ಕೇಳಿದರೆ ನಾವು ಒಪ್ಪುವುದಿಲ್ಲ. ಅರ್ಧ ಮೊದಲು, ಅರ್ಧ ಕೊನೆಗೆ ಎಂಬುದು ಇಬ್ಬರೂ ಒಬ್ಬರನ್ನೊಬ್ಬರು ಸಮಾನವಾಗಿ ನಂಬುವ ಏರ್ಪಾಡು.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ಮುಂದಿನ ಸಲ ನಿಮ್ಮ ಪುಸ್ತಕಕ್ಕೋ ಮನೆಯ ಗೋಡೆಗೋ ಚಿತ್ರ ಬರೆಸುವ ಮನಸ್ಸಾದಾಗ, ಕಲಾವಿದರಿಗೆ ಕಥೆ ಹೇಳುವ ಮುಂಚೆ ನಿಮ್ಮ ಬಳಿ ಇರುವ ಮೊತ್ತ ಹೇಳಿ. ಅವರು ಒಪ್ಪಿದರೆ ಯುಪಿಐ ಐಡಿ ಕೇಳಿ, ಅರ್ಧ ಕಳಿಸಿ, ಎಷ್ಟು ಕರೆಕ್ಷನ್, ಯಾವ ದಿನ, ಯಾವ ಬಳಕೆಗೆ ಎಂಬುದನ್ನು ಒಂದು ವಾಟ್ಸಾಪ್ ಸಂದೇಶದಲ್ಲಿ ಬರೆದುಬಿಡಿ. ಹಳೆಯ ಬಾಕಿ ಯಾರದ್ದಾದರೂ ಉಳಿದಿದ್ದರೆ ಅದನ್ನು ಇವತ್ತೇ ತೀರಿಸಿ.